ಗೋಣಿಚೀಲದಿಂದ ಪ್ಯಾಕೆಟ್‌ಗೆ: ಒಂದು ತೊಗರಿ ಬೇಳೆ ಬ್ರ್ಯಾಂಡ್ ಕಟ್ಟಿದ ಲಾಗ್

ಕ್ಲೈಂಟ್ ಕಲಬುರಗಿಯ ಒಂದು ದಾಲ್ ಮಿಲ್. ಮಿಲ್ಲು ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ, ಅಡತಿ (ಕಮಿಷನ್ ವ್ಯಾಪಾರದ) ಅಂಗಡಿ ನೆಹರು ಗಂಜ್ ಅನ್ನುವ ಸಗಟು ಮಾರುಕಟ್ಟೆಯಲ್ಲಿ. ವ್ಯವಹಾರ ನೋಡಿಕೊಳ್ಳುವವರು ತಂದೆ, ಮಗ ಇಬ್ಬರೇ. ಇಷ್ಟು ದಿನ ಬೇಳೆಯೆಲ್ಲ ದೊಡ್ಡ ಚೀಲದಲ್ಲೇ ಹೋಗುತ್ತಿತ್ತು. ಈಗ ಮಗನಿಗೆ ಒಂದು ಕೆಜಿ, ಅರ್ಧ ಕೆಜಿ ಪ್ಯಾಕೆಟ್ ಮಾಡಿ ಸ್ವಂತ ಹೆಸರಲ್ಲಿ ಮಾರಬೇಕು ಅನ್ನಿಸಿದೆ. ಗಡುವು ಹೊಸ ತೊಗರಿ ಗಂಜ್‌ಗೆ ಬರುವ ಹೊತ್ತು, ಅಂದ್ರೆ ಡಿಸೆಂಬರ್. ಬಜೆಟ್ ಬಗ್ಗೆ ಕೇಳಿದ್ದಕ್ಕೆ ಮಗ ನಕ್ಕ, ತಂದೆ ನಗಲಿಲ್ಲ. ಅಲ್ಲಿಗೆ ಅರ್ಥವಾಯಿತು.

ಬ್ರ್ಯಾಂಡಿನ ಹೆಸರು ಇಲ್ಲಿ ಬರೆಯುತ್ತಿಲ್ಲ, ಟ್ರೇಡ್‌ಮಾರ್ಕ್ ಅರ್ಜಿ ಇನ್ನೂ ನಡೆಯುತ್ತಿದೆ. ಮೂರಕ್ಷರದ ಹೆಸರು, ನಡುವೆ ಒಂದು ಒತ್ತಕ್ಷರ ಇದೆ. ಈ ಒತ್ತಕ್ಷರ ಮುಂದೆ ಸಾಕಷ್ಟು ತಲೆ ತಿನ್ನುತ್ತದೆ.

ಫೋನಿನಲ್ಲಿ ಮಗನಿಂದ ಬಂದ ಮೊದಲ ಮಾತು, "ಅಕ್ಕಾ, ಒಂದ್ ಲೋಗೋ ಮಾಡ್ಕೊಡ್ರಿ, ಎಷ್ಟಾಗ್ತದ?" ಜೊತೆಗೆ ವಾಟ್ಸಾಪ್‌ನಲ್ಲಿ ಎಲ್ಲಿಂದಲೋ ಇಳಿಸಿದ ಆನೆಯ ಚಿತ್ರ. ರೇಟು ಹೇಳುವ ಮುಂಚೆ ನಾನು ಒಂದು ಕೆಲಸ ಕೊಡುತ್ತೇನೆ: ನಿಮ್ಮ ಹೆಸರು ಬಿದ್ದಿರೋ ಸಾಮಾನೆಲ್ಲ ತನ್ನಿ. ಬಿಲ್ ಬುಕ್ಕು, ಗೋಣಿಚೀಲ, ವಿಸಿಟಿಂಗ್ ಕಾರ್ಡು, ಗೋಡೆ ಕ್ಯಾಲೆಂಡರು, ಬೋರ್ಡಿನ ಫೋಟೊ. ಟೇಬಲ್ ಮೇಲೆ ಹರಡಿದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ. ಇವರ ಮಿಲ್ಲಿನ ಹೆಸರು ಬಿಲ್ಲಿನಲ್ಲಿ ಒಂದು ತರಹ, ಚೀಲದ ಮೇಲೆ ಇನ್ನೊಂದು ತರಹ, ಕಾರ್ಡಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗೇ ಬೇರೆ. ಯಾರೂ ಏನೂ ಹೇಳಬೇಕಾಗಲಿಲ್ಲ, ತಂದೆಯೇ ಕನ್ನಡಕ ಹಾಕಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. ಗಂಜ್‌ನಲ್ಲಿ ಕೂತು ಕೂದಲು ಬೆಳ್ಳಗಾದವರು.

ಕೇಳಿದ ಪ್ರಶ್ನೆಗಳು

ನಿಮ್ಮ ಗುರಿ ಏನು, ನಿಮ್ಮ ಮೌಲ್ಯ ಏನು ಅಂತ ಕೇಳಿದರೆ ಇಲ್ಲಿ ಯಾರೂ ಉತ್ತರ ಕೊಡುವುದಿಲ್ಲ, ಕೊಟ್ಟರೂ "ಕ್ವಾಲಿಟಿ" ಅಂತಾರೆ. ಹಾಗಾಗಿ ನಾನು ಕೇಳುವುದು ಸಣ್ಣ ಪ್ರಶ್ನೆಗಳನ್ನು. ನಿಮ್ಮ ಬೇಳೆ ಬಗ್ಗೆ ಬಂದ ಕೊನೇ ದೂರು ಏನು? ಮನೆಗೆ ಅಂತ ಯಾವ ಲಾಟಿನ ಬೇಳೆ ತೆಗೆದಿಡುತ್ತೀರಿ, ಯಾಕೆ? ಯಾವ ತಿಂಗಳು ನಿಮ್ಮ ಹತ್ತಿರ ಮಾಲು ಇರಲ್ಲ? ಈ ಪ್ಯಾಕೆಟ್ ಕೈಗೆತ್ತಿಕೊಳ್ಳುವವರು ಯಾರು, ಇವತ್ತು ಅವರ ಚೀಲದಲ್ಲಿ ಯಾರ ಬೇಳೆ ಇದೆ?

ಮನೆಗೆ ತೆಗೆದಿಡೋ ಬೇಳೆ ಪ್ರಶ್ನೆಗೆ ಒಳ್ಳೇ ಉತ್ತರ ಸಿಕ್ಕಿತು. ಇವರು ಮನೆಯಲ್ಲಿ ಪಾಲಿಶ್ ಮಾಡದ ಬೇಳೆಯನ್ನೇ ತಿನ್ನುತ್ತಾರೆ. ಮಾರುವುದರಲ್ಲಿ ಜಾಸ್ತಿ ಪಾಲಿಶ್ ಮಾಡಿದ್ದು, ಯಾಕಂದ್ರೆ ಹೊಳಪು ಕೇಳುವ ಗಿರಾಕಿಗಳೇ ಹೆಚ್ಚು. ಮಿಲ್ಲಿನಲ್ಲಿ ತೊಗರಿಯನ್ನು ಸ್ವಚ್ಛ ಮಾಡಿ, ಎಣ್ಣೆ ನೀರು ಹಚ್ಚಿ ಒಣಗಿಸಿ, ರೋಲರಿಗೆ ಕೊಟ್ಟು ಸಿಪ್ಪೆ ಬಿಡಿಸಿ ಒಡೆಯುತ್ತಾರೆ. ಹೊಳಪು ಬರುವುದು ಆಮೇಲೆ ಕೊಡುವ ಪಾಲಿಶಿನಿಂದ. ಅದನ್ನು ಬಿಟ್ಟರೆ ಬೇಳೆ ಸ್ವಲ್ಪ ಮಂಕು ಕಾಣುತ್ತದೆ. ಹೊಸ ಪ್ಯಾಕೆಟ್ಟಿಗೆ ಈ ಮಂಕು ಬೇಳೆಯನ್ನೇ ಹಾಕೋಣ ಅಂತ ತೀರ್ಮಾನವಾಯಿತು. ಡಿಸೈನಿನ ದೊಡ್ಡ ತೊಡಕು ಅಲ್ಲೇ ಹುಟ್ಟಿತು, ಬಣ್ಣಕ್ಕೆ ಬಂದಾಗ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ ಅದಕ್ಕಿಂತ ಬಿಸಿ. ಮಗನಿಗೆ ಪ್ಯಾಕೆಟ್ ಮೇಲೆ "ಅಸಲಿ ಕಲಬುರಗಿ ತೊಗರಿ" ಅಂತ ದೊಡ್ಡದಾಗಿ ಹಾಕಬೇಕು, ಜೊತೆಗೆ ಜಿಐ, ಅಂದ್ರೆ ಒಂದು ಊರಿನ ವಿಶೇಷ ಮಾಲಿಗೆ ಕೊಡುವ ಭೌಗೋಳಿಕ ಗುರುತೂ ಬೇಕು. ನ್ಯಾಯವಾದ ಆಸೆಯೇ. ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಸಿಕ್ಕಿದ್ದು 2019ರಲ್ಲಿ. ಊರಿನ ಹೆಸರು 2014ರಲ್ಲೇ ಕಲಬುರಗಿ ಆದರೂ ಜಿಐ ಇರುವುದು ಹಳೇ ಹೆಸರಲ್ಲಿ. ಆದರೆ ಊರಲ್ಲಿ ಮಿಲ್ ಇದೆ ಅಂದ ಮಾತ್ರಕ್ಕೆ ಆ ಹೆಸರು ಹಾಕಿಕೊಳ್ಳಲು ಬರುವುದಿಲ್ಲ. ಚೆನ್ನೈನಲ್ಲಿರುವ ಜಿಐ ರಿಜಿಸ್ಟ್ರಿಯಲ್ಲಿ ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಿಕೊಂಡಿರಬೇಕು, ತೊಗರಿಯೂ ಈ ಭಾಗದಲ್ಲೇ ಬೆಳೆದದ್ದಾಗಿರಬೇಕು.

ಅದಕ್ಕೆ ಕೇಳಿದೆ, ಕಾಕಾ, ವರ್ಷದ ಹನ್ನೆರಡೂ ತಿಂಗಳು ನೀವು ಒಡೆಯೋದು ನಮ್ಮ ಕಡೆಯ ತೊಗರಿನೇನಾ?

ಅವರು ಮಗನ ಮುಖ ನೋಡಿದರು. "ಸೀಜನ್ ಮುಗದ್ ಮ್ಯಾಲ ಹೊರಗಿನ ಮಾಲೂ ಬರ್ತದ ತಂಗಿ. ಆಫ್ರಿಕಾದ್ದು, ಬರ್ಮಾದ್ದು. ಮಿಲ್ ಬಂದ್ ಇಡ್ಲಾಕ ಆಗ್ತದೇನ್?"

ಆಗುವುದಿಲ್ಲ, ನಿಜ. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ನಿಂದ ತೊಗರಿ ದೇಶಕ್ಕೇ ಬರುತ್ತದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಅದೇ ಬೇಳೆಯನ್ನು ಊರ ಹೆಸರಿನ ಪ್ಯಾಕೆಟ್ಟಿನಲ್ಲಿ ತುಂಬಿದರೆ ಅದು ಮೋಸ, ಆಮೇಲೆ ನಾನು ಎಷ್ಟು ಚಂದದ ಅಕ್ಷರ ಬರೆದರೂ ಪ್ರಯೋಜನ ಇಲ್ಲ. ಬ್ರ್ಯಾಂಡ್ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕಳೆಯುವುದು ಇಂಥ ಕಡೆಗೇ. ಪ್ಯಾಕೆಟ್ ಮೇಲೆ ಏನು ಬರೆದರೆ ವರ್ಷಪೂರ್ತಿ ನಿಭಾಯಿಸಬಹುದು ಅನ್ನುವುದು ಖಾತ್ರಿಯಾಗುವವರೆಗೆ ಡಿಸೈನ್ ಮಾಡುವ ಇಲಸ್ಟ್ರೇಟರ್ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಎರಡು ದಾರಿ ಇಟ್ಟೆ. ಒಂದು, ಊರ ಹೆಸರು ಬಿಟ್ಟು ಬರೀ "ಪಾಲಿಶ್ ಇಲ್ಲದ ತೊಗರಿ ಬೇಳೆ" ಅನ್ನೋದು, ಮಾಲು ಎಲ್ಲಿಂದಾದರೂ ಬರಲಿ. ಇನ್ನೊಂದು, ಈ ಬ್ರ್ಯಾಂಡಿಗೆ ಸೀಜನ್ನಿನಲ್ಲಿ ಇಲ್ಲೇ ಕೊಂಡ ತೊಗರಿ ಮಾತ್ರ, ಸ್ಟಾಕ್ ಮುಗಿದರೆ ಮುಗಿಯಿತು. ಉಳಿದದ್ದು ಎಂದಿನಂತೆ ಮಿಲ್ಲಿನ ಹೆಸರಲ್ಲಿ ದೊಡ್ಡ ಚೀಲದಲ್ಲಿ ಹೋಗಲಿ.

ಮಗ ತಕ್ಷಣ ಎರಡನೆಯದಕ್ಕೆ ಹೂಂ ಅಂದ. ಕಾಕಾ ಅನ್ನಲಿಲ್ಲ. ಗೋಡೌನಿನಲ್ಲಿ ಎಷ್ಟು ಕ್ವಿಂಟಲ್ ಎಷ್ಟು ತಿಂಗಳು ಇಡಬಹುದು, ಅಷ್ಟು ದುಡ್ಡು ಕಟ್ಟಿಹಾಕಿದರೆ ಬಡ್ಡಿ ಎಷ್ಟು ಅಂತ ಲೆಕ್ಕ ಹಾಕಿದರು. ಕೆಲವು ದಿನ ಬಿಟ್ಟು ಫೋನ್ ಮಾಡಿ, "ಆಯ್ತು, ಹಾಂಗೇ ಮಾಡ್ರಿ, ಖರೇ ಇದ್ದದ್ದೇ ಬರೀರಿ" ಅಂದರು. ಜಿಐ ಅರ್ಜಿಯ ಕೆಲಸ ಮಗನ ಪಾಲಿಗೆ. ಒಪ್ಪಿಗೆ ಬರುವ ತನಕ ಪ್ಯಾಕೆಟ್ ಮೇಲೆ ಜಿಐ ಗುರುತೂ ಇಲ್ಲ, ಆ ಹೆಸರೂ ಇಲ್ಲ. ಮುಂಭಾಗದ ಮೇಲ್ತುದಿಯಲ್ಲಿ ಅದಕ್ಕೊಂದು ಜಾಗ ಮಾತ್ರ ಬಿಟ್ಟುಕೊಂಡೆ.

ಹೆಸರು

ಮಗನ ಮೊದಲ ಆಯ್ಕೆ ಊರ ಹೆಸರಿನ ಜೊತೆ ದಾಲ್ ಸೇರಿಸಿದ್ದು. ಅದು ಯಾರೊಬ್ಬರ ಆಸ್ತಿಯೂ ಆಗುವುದಿಲ್ಲ. ಮಾಲು ಏನು, ಎಲ್ಲಿಯದು ಅಂತ ಬರೀ ವಿವರಿಸುವ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಎರಡನೇ ಆಯ್ಕೆ ಚೆನ್ನಾಗಿತ್ತು, ಆದರೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕಿದಾಗ ಕಿವಿಗೆ ಹಾಗೇ ಕೇಳುವ ಹೆಸರು ಇನ್ನೊಬ್ಬರದ್ದಾಗಿ ಕೂತಿತ್ತು. ಇಲ್ಲಿ ಹುಡುಕುವಾಗ ಸ್ಪೆಲ್ಲಿಂಗ್ ಮಾತ್ರ ನೋಡಿ ಬಿಡಬೇಡಿ, ಉಚ್ಚಾರದ ಮೇಲೆ ಹುಡುಕುವ ಆಯ್ಕೆಯೂ ಇದೆ, ಅದನ್ನೂ ಒತ್ತಿ ನೋಡಿ. ಕನ್ನಡದ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಜನ ಹತ್ತು ತರಹ ಬರೆಯುತ್ತಾರೆ.

ಮೂರನೆಯದು ದೇವರ ಹೆಸರು. ಬಿಲ್ ಬುಕ್ಕಿನ ನೆತ್ತಿಯ ಮೇಲೆ ಶ್ರೀ ಶರಣಬಸವೇಶ್ವರ ಪ್ರಸನ್ನ ಅಂತ ಇದೆಯಲ್ಲ, ಅದೇ ಇರಲಿ, ಗುಡಿಯ ಚಿತ್ರವೇ ಲೋಗೋ ಆಗಲಿ ಅಂದರು ಕಾಕಾ. ಇದಕ್ಕೆ ಕಾನೂನು ಹೇಳಿದರೆ ಜಗಳವಾಗುತ್ತದೆ. ಸುಮ್ನೆ ಒಂದು ಮಾತು ಕೇಳಿದೆ: ಪಾಕೀಟು ಖಾಲಿ ಆದ ಮೇಲೆ ಎಲ್ಲಿಗೆ ಹೋಗ್ತದ ಕಾಕಾ? ಅವರೇ ಯೋಚಿಸಿ ತಲೆ ಅಲ್ಲಾಡಿಸಿದರು. "ಕಾಲಾಗ ಬೀಳ್ತದ. ಬ್ಯಾಡ ಬ್ಯಾಡ." ದೇವರ ಹೆಸರು ಬಿಲ್ಲಿನ ಮೇಲೆ ಹಾಗೇ ಉಳಿಯಿತು, ಅದನ್ನು ತೆಗೆಯುವ ಮಾತೇ ಇಲ್ಲ.

ಕೊನೆಗೆ ಒಪ್ಪಿದ್ದು ಅವರ ಹೊಲದ ಹೆಸರು. ನಮ್ಮ ಕಡೆ ಹೊಲಕ್ಕೂ ಹೆಸರಿರುತ್ತದಲ್ಲ, ಹಳ್ಳದ ಹೊಲ, ಬನ್ನಿಗಿಡದ ಹೊಲ ಅಂತ, ಹಾಗೆ ಇವರದಕ್ಕೂ ಅಜ್ಜನ ಕಾಲದಿಂದ ಒಂದಿತ್ತು. ಚಿಕ್ಕದು, ಬಾಯಿಗೆ ಬರುತ್ತದೆ, ಬೇರೆ ಯಾರೂ ಇಟ್ಟಿಲ್ಲ. ಅರ್ಜಿ ಹಾಕಿಸಿದೆ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಿನಲ್ಲಿ ಹಾಕಿದರೆ ಸರಕಿನ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಯಾವ ವರ್ಗ ಅನ್ನುವುದನ್ನು ವಕೀಲರಿಗೆ ಬಿಟ್ಟೆ. ಮಗನಿಗೆ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ: ಹೆಸರಿನ ಪಕ್ಕ ಟಿಎಂ ಈಗಲೇ ಹಾಕಬಹುದು, ವೃತ್ತದೊಳಗಿನ ಆರ್ ನೋಂದಣಿ ಆಗುವ ತನಕ ಹಾಕಕೂಡದು, ಸುಳ್ಳು ಹಾಕಿದರೆ ದಂಡ ಬೀಳುತ್ತದೆ. ಊರಲ್ಲಿ ಅರ್ಧ ಬೋರ್ಡುಗಳ ಮೇಲೆ ಆ ಆರ್ ಇದೆ, ಅದು ಬೇರೆ ಮಾತು.

ಅಕ್ಷರ

ಚಿತ್ರ ಬೇಡ, ಅಕ್ಷರವೇ ಗುರುತಾಗಲಿ ಅಂತ ಮೊದಲೇ ಹೇಳಿಬಿಟ್ಟಿದ್ದೆ. ಬೇಳೆ ಪ್ಯಾಕೆಟ್ ಮೇಲೆ ತೆನೆ, ರೈತ, ಸೂರ್ಯ, ಮಡಕೆ ಇದ್ದೇ ಇರುತ್ತವೆ, ಇನ್ನೊಂದು ಮಡಕೆ ಯಾಕೆ?

ಪ್ರಮಾಣ ನೋಡಲು ಅನೇಕ್ ಕನ್ನಡ ಫಾಂಟಿನಿಂದ ಶುರು ಮಾಡಿದೆ. ಅದರಲ್ಲಿ ಅಕ್ಷರದ ದಪ್ಪ, ಅಗಲ ಎರಡನ್ನೂ ಬೇಕಾದಂತೆ ಎಳೆಯಬಹುದು, ಹಾಗಾಗಿ ಪ್ಯಾಕೆಟ್ಟಿನ ಅಗಲಕ್ಕೆ ಹೆಸರು ಹೇಗೆ ಕೂರುತ್ತದೆ ಅಂತ ಬೇಗ ಗೊತ್ತಾಗುತ್ತದೆ. ಓಪನ್ ಲೈಸೆನ್ಸ್ ಇದೆ, ಹಣ ಕೊಡಬೇಕಿಲ್ಲ. ಪ್ರಮಾಣ ಹಿಡಿದ ಮೇಲೆ ಫಾಂಟ್ ಪಕ್ಕಕ್ಕಿಟ್ಟು ಪೆನ್ಸಿಲ್ ಹಿಡಿದೆ. ಕನ್ನಡದ ಹೆಸರಿನಲ್ಲಿ ತೊಂದರೆ ಕೊಡುವುದು ಎತ್ತರ. ಇಂಗ್ಲಿಷ್ ಹೆಸರು ಒಂದು ಪಟ್ಟಿಯಂತೆ ಕೂರುತ್ತದೆ. ನಮ್ಮದರಲ್ಲಿ ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತು. ಒತ್ತಕ್ಷರ ಒಂದೇ ಇದ್ದರೂ ಇಡೀ ಸಾಲಿಗೆ ಕೆಳಗೆ ಅಷ್ಟು ಜಾಗ ಬಿಡಬೇಕು, ಉಳಿದೆರಡು ಅಕ್ಷರದ ಕೆಳಗೆ ಅದು ಖಾಲಿ ಹೊಡೆಯುತ್ತದೆ. ಸಾಮಾನ್ಯವಾಗಿ ಜನ ಒತ್ತನ್ನು ಚಿಕ್ಕದು ಮಾಡಿ ಪಾರಾಗುತ್ತಾರೆ. ನಾನು ಅದನ್ನು ದೊಡ್ಡದೇ ಮಾಡಿ, ಅದರ ಬಾಲವನ್ನು ಎಡಕ್ಕೆ ಎಳೆದು ಮೊದಲ ಅಕ್ಷರದ ಕೆಳಗೆ ತಂದೆ. ಬಲಗಡೆ ಉಳಿದ ಸಂದಿಯಲ್ಲಿ "ತೊಗರಿ ಬೇಳೆ" ಅನ್ನುವ ಸಣ್ಣ ಸಾಲು ಕೂತಿತು. ಈಗ ಆ ಬಾಲವೇ ಬ್ರ್ಯಾಂಡಿನ ಗುರುತು. ಬಿಲ್ಲಿನ ಮೂಲೆಯಲ್ಲಿ ಪೂರ್ತಿ ಹೆಸರಿಗೆ ಜಾಗ ಇಲ್ಲದಿದ್ದರೆ ಆ ಒಂದು ಒತ್ತಕ್ಷರ ಸಾಕು.

ಉರ್ದುವೂ ಬೇಕಿತ್ತು. ಕಲಬುರಗಿಯ ಕಿರಾಣಿ ಅಂಗಡಿಗೆ ಪ್ಯಾಕೆಟ್ ಕೊಡುತ್ತೀರಿ ಅಂದಮೇಲೆ ಉರ್ದು ಓದುವ ಗಿರಾಕಿಗಳನ್ನು ಬಿಡುವುದು ಹೇಗೆ? ಇದಕ್ಕೆ ಫಾಂಟ್ ಬಳಸಲಿಲ್ಲ. ದರ್ಗಾ ಕಡೆ ಒಬ್ಬ ಹಿರಿಯ ಕಾತಿಬ್ ಇದ್ದಾರೆ, ಮದುವೆ ಕಾರ್ಡು, ಬೋರ್ಡು ಬರೆಯುವವರು. ಅವರು ಬಿದಿರಿನ ಕಲಂ ಅದ್ದಿ ನಸ್ತಾಲೀಕ್ ಅನ್ನುವ ಉರ್ದು ಬರಹದ ಶೈಲಿಯಲ್ಲಿ ಬರೆದುಕೊಟ್ಟರು. ನಸ್ತಾಲೀಕ್ ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತಾ ಬರುತ್ತದೆ, ನನ್ನ ಒತ್ತಿನ ಬಾಲವೂ ಎಡಕ್ಕೇ ಇಳಿಯುತ್ತದೆ. ಎರಡನ್ನೂ ಒಂದೇ ಓರೆಗೆ ತಂದೆವು. "ಆಪ್ಕಾ ಕನ್ನಡಾ ಭೀ ನಸ್ತಾಲೀಕ್ ಹೋಗಯಾ" ಅಂತ ಅವರು ನಕ್ಕರು.

ಹೆಸರು ಓದಲು ಬರುತ್ತದಾ ಅನ್ನುವ ಪರೀಕ್ಷೆ ಗಂಜ್‌ನಲ್ಲೇ ಮಾಡಿದೆ. ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಅಂಗಡಿ ಮುಂದಿನ ಚೀಲದ ಥಪ್ಪಿಗೆ ಅಂಟಿಸಿ, ರಸ್ತೆಯ ಆ ಕಡೆ ಚಹಾ ಕುಡಿಯುತ್ತಿದ್ದ ಹಮಾಲರನ್ನು ಓದಿಸಿದ್ದು. ಅವರು ಓದಿದರು, ಒಬ್ಬ ಮಾತ್ರ ಮೊದಲ ಅಕ್ಷರವನ್ನು ಬೇರೆ ಅಂದುಕೊಂಡ, ಬಾಲ ಅದಕ್ಕೆ ತೀರಾ ಹತ್ತಿರ ಬಂದಿತ್ತು. ಸ್ವಲ್ಪ ಕೆಳಗಿಳಿಸಿದೆ.

ತೋರಿಸಿದ್ದು

ಮೂರು ಆಯ್ಕೆ ಕೊಡಿ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೊಡುವುದು ಒಂದೇ. ಮೂರು ಕೊಟ್ಟರೆ ಇದರ ತಲೆ ಅದಕ್ಕಿಡಿ, ಅದರ ಬಣ್ಣ ಇದಕ್ಕೆ ಹಾಕಿ ಅಂತ ಶುರುವಾಗುತ್ತದೆ. ಅದರ ಬದಲು ಒಂದನ್ನೇ ಎಲ್ಲ ಕಡೆ ಹಾಕಿ ತೋರಿಸುತ್ತೇನೆ, ಅದೂ ಸ್ಕ್ರೀನ್ ಮೇಲಲ್ಲ. ಖಾಲಿ ಪೌಚಿಗೆ ಪ್ರಿಂಟ್ ಅಂಟಿಸಿ, ಒಳಗೆ ಅವರದೇ ಬೇಳೆ ತುಂಬಿ, ಬಾಯಿ ಸೀಲ್ ಮಾಡಿ ಕೈಗೆ ಕೊಡುವುದು. ಕಾಕಾನಿಗೆ ಲ್ಯಾಪ್‌ಟಾಪಿನಲ್ಲಿ ಮಾಕಪ್ (ನಮೂನೆ ಚಿತ್ರ) ತೋರಿಸಿದರೆ "ಛಲೋ ಅದ" ಅಂತಾರೆ, ಮುಗಿಯಿತು. ಕೈಗೆ ಕೊಟ್ಟರೆ ತಿರುಗಿಸಿ ನೋಡುತ್ತಾರೆ, ತೂಕ ನೋಡುತ್ತಾರೆ, ರೇಟು ಎಲ್ಲಿ ಬರೀತೀರಿ ಅಂತ ಕೇಳುತ್ತಾರೆ.

ಬೇಡ ಅನ್ನುವ ಅಧಿಕಾರ ಇರುವ ಎಲ್ಲರೂ ಆ ಹೊತ್ತಿಗೆ ಕೂತಿರಬೇಕು ಅನ್ನುವುದು ನನ್ನ ಷರತ್ತು. ಅದಕ್ಕೇ ಮನೆಯಲ್ಲೇ ತೋರಿಸಿದ್ದು. ಕಾಕಾನ ಹೆಂಡತಿ ಕಾಕೂ ಅಡುಗೆಮನೆಯಿಂದ ಬಂದು ಪ್ಯಾಕೆಟ್ ಎತ್ತಿ ನೋಡಿ ಒಂದೇ ಮಾತು ಹೇಳಿದರು: "ಬ್ಯಾಳಿನೇ ಕಾಣವಲ್ದಲ್ಲ." ಬೇಳೆ ಕಾಣಲಿ ಅಂತ ಪ್ಯಾಕೆಟ್ಟಿನಲ್ಲಿ ಬಿಟ್ಟ ಪಾರದರ್ಶಕ ಕಿಟಕಿ ಸಣ್ಣದಾಗಿತ್ತು. ಬೇಳೆ ಕೊಳ್ಳುವವರು ಬಣ್ಣ ನೋಡುತ್ತಾರೆ, ಕಾಳಿನ ಗಾತ್ರ ನೋಡುತ್ತಾರೆ, ನುಚ್ಚು ಎಷ್ಟಿದೆ ನೋಡುತ್ತಾರೆ. ಆ ದಿನದ ಸಲಹೆಗಳಲ್ಲಿ ಇದೇ ದೊಡ್ಡದು. ಕಿಟಕಿ ಕೆಳಗಿನ ಅರ್ಧಕ್ಕೆ ಪೂರ್ತಿ ಹರಡಿತು.

ಮಗ "ಹೆಸ್ರು ಇನ್ನೂ ದೊಡ್ಡದ್ ಮಾಡ್ರಿ ಅಕ್ಕಾ" ಅಂದ. ಯಾಕೆ ಅಂತ ಕೇಳಿದೆ. ಮೇಲಿನ ಶೆಲ್ಫಿನಲ್ಲಿಟ್ಟರೆ ಕಾಣಲ್ಲ ಅಂದ. ಸರಿ, ಕಾಣಬೇಕು ಅಷ್ಟೇ ತಾನೆ. ಹೆಸರು ಹಾಗೇ ಬಿಟ್ಟು ಸುತ್ತ ಇದ್ದ ಮೂರು ಸಣ್ಣ ಮಾತುಗಳನ್ನು ಹಿಂಬದಿಗೆ ಕಳಿಸಿದೆ. ಕಂಡಿತು. ಕ್ಲೈಂಟ್ ಹೇಳುವ ಪರಿಹಾರವನ್ನು ಹಾಗೇ ಮಾಡುವ ಮುಂಚೆ, ಅವರ ಕಣ್ಣಿಗೆ ಏನು ಚುಚ್ಚಿತು ಅಂತ ಕೇಳಿಕೊಂಡರೆ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಬಣ್ಣ

ಊರಿನ ಸೂಪರ್ ಮಾರ್ಕೆಟ್ ಏರಿಯಾ ಕಡೆಯ ಕಿರಾಣಿ ಅಂಗಡಿಗಳಲ್ಲಿ ಬೇಳೆಯ ಶೆಲ್ಫಿನ ಫೋಟೊ ತೆಗೆದು, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದೆ. ಹಳದಿ, ತಿಳಿಹಸಿರು ಪ್ಯಾಕೆಟ್ಟುಗಳೆಲ್ಲ ಒಂದೇ ಬೂದು ಬಣ್ಣಕ್ಕೆ ಬಂದು ಬೆರೆತುಹೋದವು. ಇದನ್ನು ಕ್ಲೈಂಟಿಗೆ ತೋರಿಸಿದರೆ ಸಾಕು, "ಹಳದಿನೇ ಇರ್ಲಿ" ಅನ್ನೋ ವಾದ ತಾನಾಗಿ ನಿಲ್ಲುತ್ತದೆ.

ಹಳದಿ ಬೇಡ ಅನ್ನಲು ಇನ್ನೊಂದು ಕಾರಣ ನಮ್ಮ ಪಾಲಿಶ್ ಇಲ್ಲದ ಬೇಳೆ. ಕಿಟಕಿಯ ಸುತ್ತ ಝಗ್ಗನೆ ಹಳದಿ ಇದ್ದರೆ ಒಳಗಿನ ಬೇಳೆ ಹಳತಾದಂತೆ ಕಾಣುತ್ತದೆ. ಸುತ್ತ ಗಾಢ ಬಣ್ಣ ಇದ್ದರೆ ಅದೇ ಬೇಳೆ ಹೊಳೆಯುತ್ತದೆ. ಕಣ್ಣು ಯಾವಾಗಲೂ ಪಕ್ಕದ ಬಣ್ಣದ ಜೊತೆ ಹೋಲಿಸಿಯೇ ನೋಡುವುದು. ಬೇರೆ ಬೇರೆ ಬಣ್ಣದ ಹಾಳೆಯಲ್ಲಿ ತೂತು ಮಾಡಿ, ಒಂದೇ ತಟ್ಟೆಯ ಬೇಳೆ ಮೇಲೆ ಇಟ್ಟು ತೋರಿಸಿದೆ. ಕಾಕಾ ಹಾಳೆ ಎತ್ತಿ ಎತ್ತಿ ನೋಡಿದರು, ಬೇಳೆ ಬದಲಾಯಿಸಿದ್ದೀನಾ ಅಂತ.

ನಾನು ಇಟ್ಟದ್ದು ನಮ್ಮ ಎರೆಮಣ್ಣಿನ ಕಪ್ಪು. ತೊಗರಿ ಬೆಳೆಯುವುದೇ ಅದರಲ್ಲಿ, ಹಳದಿ ಬೇಳೆ ಅದರ ಮೇಲೆ ಚಿನ್ನದಂತೆ ಕಾಣುತ್ತದೆ. ಕಾಕಾ ಒಪ್ಪಲಿಲ್ಲ. "ಕರೇದ್ ಬ್ಯಾಡ ತಂಗಿ, ಅನ್ನದ ಸಾಮಾನ ಅದು." ನಾನು ವಾದಿಸಲಿಲ್ಲ. ಅವರು ಹೇಳಿದ್ದನ್ನೇ ಅಂಗಡಿಯವರೂ ಹೇಳುತ್ತಾರೆ, ಹಬ್ಬಕ್ಕೆ ಸಂತಿ ಮಾಡುವವರೂ ಹೇಳುತ್ತಾರೆ, ಪ್ರತಿಯೊಬ್ಬರಿಗೂ ಎರೆಮಣ್ಣಿನ ಕಥೆ ಹೇಳಲು ನಾನು ಶೆಲ್ಫಿನ ಪಕ್ಕ ನಿಂತಿರುವುದಿಲ್ಲ.

ಬೇರೆ ಗಾಢ ಬಣ್ಣ ತೊಗರಿ ಗಿಡದಲ್ಲೇ ಸಿಕ್ಕಿತು. ತೊಗರಿ ಹೂ ಹಳದಿ ಅಂತ ಎಲ್ಲರಿಗೂ ಗೊತ್ತು. ಅದನ್ನು ತಿರುಗಿಸಿ ದೊಡ್ಡ ಎಸಳಿನ ಬೆನ್ನು ನೋಡಿ, ಕೆಲವು ತಳಿಗಳಲ್ಲಿ ಕೆಂಪು ಗೆರೆಗಳಿರುತ್ತವೆ, ಸಣ್ಣ ಕುಂಚದಲ್ಲಿ ಎಳೆದಂತೆ. ಎಳೇ ಕಾಯಿಯ ಹಸಿರಿನ ಮೇಲೂ ಅಂಥದೇ ಕಂದುಗೆಂಪು ಗೆರೆ. ಹೂ ಫೋಟೊ ದೊಡ್ಡದು ಮಾಡಿ ತೋರಿಸಿದಾಗ ಮಗ "ಇಷ್ಟ್ ವರ್ಷ ಹೊಲಕ್ಕ ಹೋಗಿ ಇದನ್ನ ನೋಡೇ ಇಲ್ಲ" ಅಂದ. ಆ ಗೆರೆಯ ಬಣ್ಣವನ್ನು ಇನ್ನಷ್ಟು ಗಾಢ ಮಾಡಿ ಪ್ಯಾಕೆಟ್ಟಿನ ಮೈಬಣ್ಣ ಮಾಡಿದೆ, ಕುಂಕುಮಕ್ಕಿಂತ ಒಂದೆರಡು ಪಟ್ಟು ಕಪ್ಪಾದ ಕೆಂಪು. ಕುಂಕುಮ ಅಂದದ್ದೇ ಕಾಕಾ ಒಪ್ಪಿದರು. ಕಿಟಕಿಯ ಅಂಚಿನಲ್ಲಿ ಹೂವಿನ ಗೆರೆಗಳು ಹಳದಿಯಲ್ಲಿ ಬಂದವು, ಅಲಂಕಾರ ಅಷ್ಟೇ.

ಹಿಂಬದಿ

ಬೇಜಾರಿನ ಕೆಲಸ, ಆದರೆ ಇದರಲ್ಲಿ ಜಾರಿದರೆ ಪ್ಯಾಕೆಟ್ಟೇ ಮಾರಲು ಬರುವುದಿಲ್ಲ. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನು, ಇಮೇಲ್. ಇವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹಾಕಲೇಬೇಕು, ಕನ್ನಡವನ್ನು ಜೊತೆಗೆ ಹಾಕಬಹುದು. ಅರ್ಧ ಕೆಜಿ ಪ್ಯಾಕೆಟ್ಟಿಗೆ ಒಂದು ಗ್ರಾಂಗೆ ಎಷ್ಟು ಬೆಲೆ ಅಂತಲೂ ಬರೆಯಬೇಕು. ಆಹಾರ ಸುರಕ್ಷತೆ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ಗುರುತು, ಅದರ 14 ಅಂಕಿಯ ಲೈಸೆನ್ಸ್ ನಂಬರ್. ಹಸಿರು ಚೌಕದೊಳಗಿನ ಹಸಿರು ಚುಕ್ಕಿ ಮುಂಭಾಗದಲ್ಲೇ ಬರಬೇಕು, ಅದರ ಗಾತ್ರಕ್ಕೂ ಲೆಕ್ಕ ಇದೆ. ಮುಂಭಾಗ 100ರಿಂದ 500 ಚದರ ಸೆಂಟಿಮೀಟರ್ ಇದ್ದರೆ ಚುಕ್ಕಿಯ ವ್ಯಾಸ 4 ಮಿಲಿಮೀಟರ್, ಅದಕ್ಕಿಂತ ದೊಡ್ಡದಾದರೆ 2,500ರ ತನಕ 6. ನಮ್ಮ ಅರ್ಧ ಕೆಜಿಗೆ 4, ಒಂದು ಕೆಜಿಗೆ 6.

ಬಾರ್‌ಕೋಡಿನ ಗೆರೆಗಳನ್ನೂ ನಮ್ಮ ಕೆಂಪಿನಲ್ಲೇ ಹಾಕೋಣ, ಚಂದ ಕಾಣ್ತದ ಅಂದ ಮಗ. ಆಗಲ್ಲ. ಅಂಗಡಿಯ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಕೆಂಪು ಬೆಳಕಿನಲ್ಲಿ ಓದುತ್ತವೆ, ಆ ಬೆಳಕಿಗೆ ಕೆಂಪು ಗೆರೆ ಬಿಳಿ ಹಾಳೆಯಂತೆಯೇ ಕಾಣುತ್ತದೆ. ಬಿಳಿ ಮೇಲೆ ಕಪ್ಪು, ಎರಡೂ ಬದಿಗೆ ಖಾಲಿ ಜಾಗ, ಅಷ್ಟೇ. ತಾರೀಖು, ಬ್ಯಾಚ್, ಬೆಲೆ ಒತ್ತಲು ಒಂದು ಬಿಳಿ ಪಟ್ಟಿಯನ್ನೂ ಬಿಟ್ಟೆ, ಗಾಢ ಕೆಂಪಿನ ಮೇಲೆ ಕೋಡಿಂಗ್ ಮಿಷಿನ್ನಿನ ಕಪ್ಪು ಇಂಕು ಕಾಣುವುದೇ ಇಲ್ಲ.

ಪ್ರೆಸ್ಸು

ಒಂದು ಕೆಜಿ ಪೌಚು ಹೈದರಾಬಾದಿನ ಒಂದು ಗ್ರೇವ್ಯೂರ್ ಪ್ರೆಸ್ಸಿನಲ್ಲಿ. ಗ್ರೇವ್ಯೂರ್ ಅಂದ್ರೆ ಒಂದೊಂದು ಬಣ್ಣಕ್ಕೆ ಒಂದೊಂದು ಕೆತ್ತಿದ ಸಿಲಿಂಡರ್, ಒಂದೊಂದಕ್ಕೂ ದುಡ್ಡು. ಅದಕ್ಕೇ ನಮ್ಮ ಕೆಂಪನ್ನು ನಾಲ್ಕು ಬಣ್ಣ ಬೆರೆಸಿ ಮಾಡಿಸದೆ ಒಂದೇ ಸ್ಪಾಟ್ ಬಣ್ಣವಾಗಿ (ಮೊದಲೇ ಕಲಸಿದ ಇಂಕು) ಇಟ್ಟೆ. ಕೆಂಪು, ಹಳದಿ, ಕಪ್ಪು, ಬಿಳಿ ಮತ್ತು ಆ ಚುಕ್ಕಿಗಾಗಿ ಹಸಿರು. ಒಂದು ಚುಕ್ಕಿಗೆ ಒಂದು ಸಿಲಿಂಡರ್ ಯಾಕೆ ಅಂತ ಕಾಕಾ ಕೇಳಿದರು, ಕಾನೂನು ಕಾಕಾ ಅಂದೆ. ಪಾರದರ್ಶಕ ಫಿಲ್ಮಿನ ಒಳಮೈಗೆ ಉಲ್ಟಾ ಪ್ರಿಂಟ್ ಮಾಡಿ, ಕೊನೆಗೆ ಬಿಳಿ ಬಡಿದು, ಅದಕ್ಕೆ ಇನ್ನೊಂದು ಪದರ ಅಂಟಿಸುತ್ತಾರೆ. ಬಿಳಿ ಇಲ್ಲದಿದ್ದರೆ ಹಳದಿ ನಿಲ್ಲುವುದಿಲ್ಲ, ಒಳಗಿನ ಬೇಳೆಯಲ್ಲಿ ಕರಗಿಹೋಗುತ್ತದೆ. ಕಿಟಕಿ ಬೇಕಾದ ಕಡೆ ಇಂಕೂ ಇಲ್ಲ, ಬಿಳಿಯೂ ಇಲ್ಲ.

ಅರ್ಧ ಕೆಜಿಗೆ ಈ ವರ್ಷ ಸಿಲಿಂಡರ್ ಮಾಡಿಸಲಿಲ್ಲ. ರೆಡಿ ಪಾರದರ್ಶಕ ಪೌಚು, ಮೇಲೆ ದೊಡ್ಡ ಲೇಬಲ್. ಹೋದಷ್ಟು ಹೋಗಲಿ, ಆಮೇಲೆ ನೋಡೋಣ.

ಪ್ರೆಸ್ಸಿಗೆ ಕಳಿಸಿದ ಫೈಲಿನಲ್ಲಿ ಅಕ್ಷರವೆಲ್ಲ ಕರ್ವ್ಸ್, ಅಂದ್ರೆ ಫಾಂಟ್ ಬೇಕಿಲ್ಲದ ಗೆರೆಚಿತ್ರ ಆಗಿತ್ತು. ಆದರೂ ಅಲ್ಲಿನ ಆಪರೇಟರ್, ಹಿಂಬದಿಯ ವಿಳಾಸ ಸ್ವಲ್ಪ ಚಿಕ್ಕದಾಗಲಿ ಅಂತ ತನ್ನ ಕಂಪ್ಯೂಟರಿನಲ್ಲಿ ತಾನೇ ಮತ್ತೆ ಟೈಪ್ ಮಾಡಿದ್ದಾನೆ. ಪ್ರೂಫ್ ಬಂದಾಗ "ಜಿಲ್ಲೆ" ಹೋಗಿ "ಜಿಲ್‌ಲೆ" ಆಗಿತ್ತು. ಭಾರತೀಯ ಲಿಪಿ ಜೋಡಿಸುವ ಸೆಟ್ಟಿಂಗ್ ಆನ್ ಇರದ ಸಾಫ್ಟ್‌ವೇರಿನಲ್ಲಿ ಒತ್ತು ಹೀಗೇ ಒಡೆದು ಪಕ್ಕಕ್ಕೆ ಬೀಳುತ್ತದೆ. ಇಲಸ್ಟ್ರೇಟರ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಕಂಪೋಸರ್ ಆರಿಸಬೇಕು. ಆಪರೇಟರಿಗೆ ಕನ್ನಡ ಓದಲು ಬರಲ್ಲ, ಅವನ ಕಣ್ಣಿಗೆ ಎರಡೂ ಒಂದೇ. ಸಿಲಿಂಡರ್ ಕೆತ್ತುವ ಮುಂಚೆ ಕಂಡಿದ್ದಕ್ಕೆ ಬಚಾವ್. ಈಗ ನನ್ನ ಪ್ರೂಫ್ ಹಾಳೆಯ ಮೇಲೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ದಪ್ಪಗೆ ಒಂದು ಸಾಲು ಇರುತ್ತದೆ, ಕನ್ನಡ ಉರ್ದು ಮುಟ್ಟಬೇಡಿ ಅಂತ. ಪ್ರೂಫನ್ನು ನಾನು ಓದಿದ ಮೇಲೂ ಕಾಕೂ ಹತ್ತಿರ ಗಟ್ಟಿಯಾಗಿ ಓದಿಸಿದೆವು. ಕಾತಿಬ್ ಉರ್ದು ನೋಡಿ ಸಹಿ ಹಾಕಿದರು. ಎಲ್ಲರ ಸಹಿ ಬಿದ್ದ ಮೇಲೆಯೇ ಕೆತ್ತನೆ.

ಕೊಟ್ಟಿದ್ದು

ದೊಡ್ಡ ಬ್ರ್ಯಾಂಡ್ ಗೈಡ್ ಮಾಡಲಿಲ್ಲ. ಇದನ್ನು ಬಳಸುವವರು ಫ್ಲೆಕ್ಸ್ ಅಂಗಡಿಯವರು, ಬಿಲ್ ಪ್ರಿಂಟ್ ಮಾಡುವವರು, ಚೀಲಕ್ಕೆ ಅಚ್ಚು ಹಾಕುವವರು. ಅವರು ಓದುವುದು ವಾಟ್ಸಾಪ್. ಹಾಗಾಗಿ ಕನ್ನಡದಲ್ಲಿ ಒಂದೇ ಪುಟ: ಹೆಸರು ಹೀಗೆ, ಇಷ್ಟಕ್ಕಿಂತ ಚಿಕ್ಕದು ಬೇಡ, ಕೆಂಪು ಇದು, ಒಂದೇ ಬಣ್ಣದಲ್ಲಿ ಹಾಕುವುದಾದರೆ ಹೀಗೆ, ಎಳೆದು ಉದ್ದ ಮಾಡಬೇಡಿ. ಜೊತೆಗೆ ಪಿಡಿಎಫ್, ಎಸ್‌ವಿಜಿ, ಕೋರೆಲ್‌ನಲ್ಲಿ ತೆರೆಯುವ ಫೈಲು. ಗಂಜ್ ಅಂಗಡಿಯ ಬೋರ್ಡಿನಲ್ಲಿ ಕನ್ನಡಕ್ಕೆ ಮೇಲಿನ ಶೇಕಡಾ 60 ಭಾಗ ಕೊಟ್ಟೆ, 2024ರ ಕಾನೂನಿನ ಪ್ರಕಾರ ಅದು ಬೇಕೇ ಬೇಕು, ನಮ್ಮ ಹೆಸರು ಹೇಗೂ ಕನ್ನಡದಲ್ಲೇ ದೊಡ್ಡದು.

ಗೋಣಿಚೀಲದ ಅಚ್ಚು ಬೇರೆಯೇ ಬರೆಯಬೇಕಾಯಿತು. ತಗಡಿನಲ್ಲಿ ಅಕ್ಷರ ಕೊರೆಯುವಾಗ ಮುಚ್ಚಿದ ಸುತ್ತು ಇದ್ದರೆ ಒಳಗಿನ ತುಂಡು ಬಿದ್ದುಹೋಗುತ್ತದೆ, ಕನ್ನಡದಲ್ಲಿ ಸುತ್ತುಗಳಿಗೇನು ಬರ. ಪ್ರತಿ ಸುತ್ತಿಗೂ ಒಂದು ಸೇತುವೆ ಬಿಟ್ಟು ಬರೆದೆ. ಸೆಣಬಿನ ಮೇಲೆ ಇಂಕು ಹರಡುವುದರಿಂದ ಸೇತುವೆ ಕಾಗದದ ಮೇಲೆ ಅಂದುಕೊಂಡದ್ದಕ್ಕಿಂತ ಅಗಲ ಇರಬೇಕು.

ಕೊನೇ ಕಂತಿಗೆ ಕಾಕಾ "ಸೀಜನ್ ಮುಗೀಲಿ" ಅಂದರು, ಗಂಜ್‌ನಲ್ಲಿ ಎಲ್ಲ ಲೆಕ್ಕವೂ ಹಾಗೇ. ನಾನು ಹಕ್ಕಿನ ಪತ್ರ ತೋರಿಸಿದೆ. ಫ್ರೀಲಾನ್ಸರ್ ಬರೆದ ಲೋಗೋದ ಕಾಪಿರೈಟ್ ದುಡ್ಡು ಕೊಟ್ಟ ಮಾತ್ರಕ್ಕೆ ಕ್ಲೈಂಟಿಗೆ ಹೋಗುವುದಿಲ್ಲ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರಹದಲ್ಲಿ ಬರೆದುಕೊಡಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಾಳೆ ದುಬೈಗೆ ಬೇಳೆ ಕಳಿಸುವ ಆಸೆ ಮಗನಿಗಿದೆ, ಅದಕ್ಕೇ ಪೂರ್ತಿ ಅವಧಿಗೆ, ಎಲ್ಲ ದೇಶಕ್ಕೆ ಅಂತ ಬರೆದಿದ್ದೆ. ಕಾಕಾ ಪತ್ರವನ್ನು ಎರಡು ಸಲ ಓದಿ ಮಗನಿಗೆ "ಕೊಟ್ಬಿಡೋ" ಅಂದರು. ಕಾತಿಬ್ ಸಾಹೇಬರಿಂದಲೂ ಅವರ ಬರಹಕ್ಕೆ ಅಂಥದೇ ಪತ್ರ, ಅವರ ದುಡ್ಡು ಬೇರೆ.

ಪ್ರೆಸ್ಸಿನವರಿಂದ ಒಂದು ಚೀಟಿ ಬರೆಸಿಕೊಂಡಿದ್ದೂ ಫೈಲಿನಲ್ಲಿದೆ: ಸಿಲಿಂಡರ್‌ಗಳು ಮಿಲ್ಲಿನವರದ್ದು, ಪ್ರೆಸ್ಸಿನಲ್ಲಿ ಇಟ್ಟಿರುವುದು ಮಾತ್ರ, ಕೇಳಿದಾಗ ಕೊಡಬೇಕು. ಐದೂ ಸಿಲಿಂಡರಿನ ನಂಬರ್ ಕಾಣುವಂತೆ ಫೋಟೊ ತೆಗೆದು ಮಗನಿಗೆ ಕಳಿಸಿದ್ದೇನೆ. ಪ್ರೆಸ್ ಬದಲಾಯಿಸುವುದಾದರೆ ಅದು ಬೇಕಾಗುತ್ತದೆ.